ಗುಳ್ಳವ್ವನನ್ನು ಕೆರೆಗೆ ಒಯ್ದ ದಿನ

ನನ್ನ ಮೊಮ್ಮಗಳು ಇವತ್ತು ಮನೆಯಿಂದ ಹೊರಗೆ ಹೋಗಿ ಬಂದಳು. ಹನ್ನೊಂದು ಮಹಡಿ ಕಾಲಲ್ಲೇ ಇಳಿದಳು, ಗೇಟು ದಾಟಿದಳು, ರಿಕ್ಷಾಗಳ ನಡುವೆ ರಸ್ತೆ ದಾಟಿ ಕೆರೆಯ ತನಕ ನಡೆದಳು. ಕೆರೆಯ ನೀರನ್ನು ಕೈಯಿಂದ ಮುಟ್ಟಿದಳು. ಮತ್ತೆ ಹನ್ನೊಂದು ಮಹಡಿ ಹತ್ತಿ ಬಂದಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಹಿಂದಿನದೆಲ್ಲ ಆಮೇಲೆ. ಮಧ್ಯಾಹ್ನದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ವಾಚ್‌ಮನ್‌ಗೆ ಹೇಳಿದೆ, ಅವನು ಕಣ್ಣಾರೆ ನೋಡಿದ್ದರೂ. ವಿಜಯಪುರದ ಕಡೆ ಹಳ್ಳಿಯಲ್ಲಿರುವ ತಂಗಿಗೆ ಫೋನು ಮಾಡಿ ಹೇಳಿದೆ. ಅವಳು, "ಕೆರೀಗಿ ಹೋಗಿ ಬಂದದ್ದಕ್ಕ ಇಷ್ಟ್ಯಾಕ ಕುಣಿತಿ ಅಕ್ಕಾ, ಏನ್ ಕಾಶಿಗಿ ಹೋಗಿ ಬಂದಳೇನು" ಅಂದಳು. ನಾನು ಹೌದು ಅಂದೆ. ಎಂಟು ತಿಂಗಳಿಂದ ಆ ಹುಡುಗಿ ಕೆಳಗೆ ಇಳಿದಿರಲಿಲ್ಲ. ನಾನೂ ಇಳಿದಿರಲಿಲ್ಲ.

ನಾನು ಮೂರನೇ ಇಯತ್ತೆ ಓದಿದವಳು. ಮದುವೆಯಾದ ಮೇಲೆ ಗಂಡನ ಹಿಂದೆ ಮರಾಠಿ ಸೀಮೆಗೆ ಬಂದು ವಾಶಿಯ ಕಡೆ ಕಟ್ಟಡಗಳಿಗೆ ಗಾರೆ ತುಂಬಿದ ಗಮೇಲ ಹೊತ್ತೆ. ಮೆಟ್ಟಿಲೇ ಇಲ್ಲದ ಮಹಡಿಗಳಿಗೆ ಹಲಗೆಯ ಮೇಲೆ ಕಾಲಿಟ್ಟು ಹತ್ತಿದ್ದೇನೆ, ತಲೆಯ ಮೇಲೆ ಕಲಸಿದ ಸಿಮೆಂಟು, ಸೀರೆಯ ಜೋಳಿಗೆಯಲ್ಲಿ ಮಗ. ಅವನ ತಂದೆ ಹೋದ ಮೇಲೂ ಅದೇ ಕೆಲಸ. ಆಮೇಲೆ ಮಗ ವಾಗ್ಳೆ ಎಸ್ಟೇಟಿನಲ್ಲಿ ಬೋಲ್ಟು ಮಾಡುವ ಕಾರ್ಖಾನೆ ಸೇರಿದ, ಅಲ್ಲೇ ಹತ್ತಿರದ ಚಾಳಿನ ಸಾಲುಮನೆಗಳಲ್ಲಿ ಒಂದು ಖೋಲಿ ಆಯಿತು. ಕೆಲವು ವರ್ಷಗಳ ಹಿಂದೆ ಬಿಲ್ಡರು ಚಾಳು ಕೆಡವಿ, ಅದೇ ಜಾಗದಲ್ಲಿ ಟವರು ಎಬ್ಬಿಸಿ, ನಮಗೆ ಹನ್ನೊಂದನೇ ಮಹಡಿಯಲ್ಲಿ ಎರಡು ಕೋಣೆ ಕೊಟ್ಟ. ಎಷ್ಟೋ ಜನರ ಟವರಿಗೆ ಮಣ್ಣು ಹೊತ್ತವಳು ಕಡೆಗೆ ಟವರಿನಲ್ಲೇ ಕೂತೆ ಎಂದು ಆಗ ಹಿಗ್ಗಿದ್ದೆ.

ಕಳೆದ ವರ್ಷ ದೀಪಾವಳಿ ಮುಗಿದ ವಾರ. ಮೊಮ್ಮಗಳಿಗೆ ಹದಿಮೂರು ತುಂಬಿತ್ತು. ಅವಳಿಗೆ ಶಾಲೆಯಲ್ಲಿ ಬರೆಯುವ ವಹಿ ಕೊಡಿಸಿಕೊಂಡು ಇಬ್ಬರೂ ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದೆವು. ಐದನೇ ಮಹಡಿ ದಾಟಿತು, ಆರು ಬರಲಿಲ್ಲ. ನಡುವೆ ನಿಂತಿತು. ದೀಪ ಹೋಯಿತು, ಫ್ಯಾನು ಹೋಯಿತು. ಮೇಲುಗಡೆ ಬಾಗಿಲ ಸಂದಿಯಲ್ಲಿ ಬೆರಳಿನಷ್ಟು ಬೆಳಕು ಮಾತ್ರ. ಹುಡುಗಿ ಮೊದಲು ನಕ್ಕಳು. ಆಮೇಲೆ ಬಾಗಿಲು ಬಡಿದಳು. ಆಮೇಲೆ ಉಸಿರು ಸಿಗುತ್ತಿಲ್ಲ ಎಂದು ನನ್ನ ಸೀರೆ ಹಿಡಿದು ಎಳೆದಳು. ಎರಡು ತಾಸಿಗಿಂತ ಹೆಚ್ಚು ಹೊತ್ತು, ಮೆಕ್ಯಾನಿಕ್ಕು ಬಂದು ಬಾಗಿಲು ತೆಗೆಯುವ ತನಕ, ಹಾಗೇ ಇದ್ದೆವು.

ಅಷ್ಟು ಹೊತ್ತಿನಲ್ಲಿ ನಾನು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಬೇರೆಯವರಿಗೆ ಲಿಫ್ಟೆಂದರೆ ಒಂದು ಕೋಣೆ. ಅದನ್ನು ಕೂರಿಸುವ ಮೊದಲಿನ ಹೊಂಡವನ್ನು ನಾನು ನೋಡಿದ್ದೇನೆ. ತಳದ ತನಕ ಏನೂ ಇರುವುದಿಲ್ಲ. ನಾವು ಅದರ ಬಾಯಿಗೆ ಎರಡು ಹಲಗೆ ಇಟ್ಟು ಅದರ ಮೇಲೇ ಓಡಾಡುತ್ತಿದ್ದೆವು. ಆ ಕತ್ತಲಲ್ಲಿ ನನ್ನ ಪಾದದ ಕೆಳಗೆ ಆ ಹೊಂಡವೇ ಕಾಣುತ್ತಿತ್ತು. ಹುಡುಗಿ "ಆಜಿ, ಆಜಿ" ಎಂದು ಕರೆಯುತ್ತಿದ್ದಳು. ಇಲ್ಲೇ ಹುಟ್ಟಿದವಳು, ನನ್ನನ್ನು ಮರಾಠಿಯವರ ಹಾಗೆ ಆಜಿ ಎಂದೇ ಕರೆಯುತ್ತಾಳೆ. ಓಗೊಡಲು ನನಗೆ ದನಿ ಬರಲಿಲ್ಲ.

ಮರುದಿನ ಅವಳು ಲಿಫ್ಟು ಒಲ್ಲೆ ಅಂದಳು. ಸರಿ, ಮೆಟ್ಟಿಲು ಇಳಿ ಅಂದೆವು. ನಾಲ್ಕು ದಿನ ಇಳಿದು ಶಾಲೆಗೆ ಹೋದಳು. ನಮ್ಮ ಮೆಟ್ಟಿಲಿಗೆ ಕಿಟಕಿಯಿಲ್ಲ, ಹಗಲಿನಲ್ಲೂ ಬಲ್ಬು. ಐದನೇ ದಿನ ಮೆಟ್ಟಿಲೂ ಒಲ್ಲೆ ಅಂದಳು. ಆಮೇಲೆ ಬಾಗಿಲ ಹೊರಗಿನ ಪ್ಯಾಸೇಜು. ಸಂಕ್ರಾಂತಿಯ ಹೊತ್ತಿಗೆ ಹೊಸ್ತಿಲೇ ಗಡಿಯಾಯಿತು.

ನಾನು ಅವಳ ಕಾವಲಿಗೆ ನಿಂತೆ. ಮಗ ಶಿಫ್ಟಿಗೆ ಹೋಗುತ್ತಾನೆ, ಸೊಸೆ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ, ಹುಡುಗಿಯನ್ನು ಒಬ್ಬಳನ್ನೇ ಹೇಗೆ ಬಿಡುವುದು ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ಭಜನೆಗೆ ಕರೆದರೂ ಅದೇ ಮಾತು, ಕಲ್ಯಾಣ ಊರಲ್ಲಿ ನಾದಿನಿಯ ಮಗನ ಮದುವೆಗೆ ಕರೆದರೂ ಅದೇ ಮಾತು. ಅದು ಅರ್ಧ ನಿಜ. ಮಂಡಿನೋವಿನಿಂದ ಹನ್ನೊಂದು ಮಹಡಿ ಇಳಿಯುವುದು ನನ್ನಿಂದಾಗದು, ಲಿಫ್ಟಿನೊಳಗೆ ಕಾಲಿಡಲು ಧೈರ್ಯವಿಲ್ಲ. ಹುಡುಗಿಯ ಅಂಜಿಕೆಯ ಹಿಂದೆ ನನ್ನ ಅಂಜಿಕೆ ಮುಚ್ಚಿಟ್ಟುಕೊಂಡು ಕೂತಿದ್ದೆ.

ಕೂತು ಏನು ನೋಡುವುದು? ಎದುರಿನ ಟವರಿನ ಕಿಟಕಿ. ಅಲ್ಲಿಯವರ ಒಣಗುವ ಬಟ್ಟೆ ಯಾರದು ಯಾವುದು ಎಂದು ನನಗೆ ಬಾಯಿಪಾಠವಾಗಿತ್ತು. ಬಿಸಿಲು ನಮ್ಮ ಗ್ರಿಲ್ಲಿಗೆ ಬರುವುದು ಅರ್ಧ ತಾಸು, ಅಷ್ಟರಲ್ಲಿ ಹಪ್ಪಳ ಒಣಗಬೇಕು, ನಾವೂ ಒಣಗಬೇಕು. ಯಾರ ಮನೆಯ ಕುಕ್ಕರು ಎಷ್ಟು ಕೂಗಿತು ಎಂದು ಎಣಿಸುತ್ತಿದ್ದೆವು. ಹುಡುಗಿ ಒಳಕೋಣೆಯ ಗೋಡೆಗೆ ಬೆನ್ನು ಹಚ್ಚಿ ಕೂತರೆ ಊಟವೂ ಅಲ್ಲೇ. ಲಿಫ್ಟು ಬಂದು ನಿಂತ ಸದ್ದು ಕೇಳಿದರೆ ಇಬ್ಬರಿಗೂ ಎಣಿಕೆ ತಪ್ಪುತ್ತಿತ್ತು. ಅದು ಹೊರಟುಹೋದ ಮೇಲೆ ಮತ್ತೆ ಒಂದರಿಂದ ಶುರು.

ಫೆಬ್ರವರಿಯಲ್ಲಿ ಒಂದು ಭಾನುವಾರ ಮಗನ ತಾಳ್ಮೆ ಕೆಟ್ಟಿತು. ಎಲ್ಲ ನಾಟಕ, ಒಮ್ಮೆ ಎತ್ತಿಕೊಂಡು ಹೋದರೆ ಸರಿಹೋಗುತ್ತದೆ ಎಂದು ಯಾರೋ ಕಾರ್ಖಾನೆಯಲ್ಲಿ ಹೇಳಿದ್ದರಂತೆ. ಮಗಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಲಿಫ್ಟಿನ ಬಾಗಿಲ ತನಕ ಒಯ್ದ. ಅವಳು ಅವನ ಕೈ ಕಚ್ಚಿದಳು, ರಕ್ತ ಬಂತು. ಪ್ಯಾಸೇಜಿನ ಬಾಗಿಲುಗಳೆಲ್ಲ ತೆರೆದವು. ಆಮೇಲೆ ಅವಳು ಅಪ್ಪನ ಹತ್ತಿರ ಕೂರುವುದನ್ನೇ ಬಿಟ್ಟಳು. ಅವನೂ ಕಾರ್ಖಾನೆಯಿಂದ ತಡವಾಗಿ ಬರಲು ಕಲಿತ.

ನಿಂಬೆಹಣ್ಣು ಇಳಿಸಿ ಒಗೆದೆ. ಮಠದಿಂದ ವಿಭೂತಿ ತರಿಸಿದೆ. ಕಡೆಗೆ ಸೊಸೆಯೇ ಸರಕಾರಿ ಆಸ್ಪತ್ರೆಗೆ ಹೋಗಿ, ಮನಸ್ಸಿನ ಕಾಯಿಲೆ ನೋಡುವ ಒಬ್ಬ ಮೇಡಂರ ಹತ್ತಿರ ಅತ್ತುಕೊಂಡು ಬಂದಳು. ಮೇಡಂ ವಾರಕ್ಕೊಮ್ಮೆ ಮೊಬೈಲಿನಲ್ಲಿ ಮುಖ ತೋರಿಸಿ ಮಾತಾಡತೊಡಗಿದರು. ಹೊರಗೆ ಬಾ ಎಂದು ಯಾರೂ ಅನ್ನಬಾರದು ಎಂದರು. ಆಡಲಿ, ಬರೆಯಲಿ, ಮಣ್ಣು ಮುಟ್ಟಲಿ, ಮಾರ್ಕು ಹಾಕುವ ಕೆಲಸ ಯಾವುದೂ ಬೇಡ, ಅಜ್ಜಿಯೂ ಜೊತೆಗೆ ಕೂತು ಆಡಲಿ ಎಂದರು. ನನಗೆ ಸಿಟ್ಟು ಬಂತು. ಗುಳಿಗೆ ಕೊಡುವ ಬದಲು ಆಟವಾಡಿ ಅನ್ನುತ್ತಾರಲ್ಲ, ಇದೇನು ಆಸ್ಪತ್ರೆಯೋ ಅಂಗನವಾಡಿಯೋ ಎಂದು ಸೊಸೆಗೆ ಅಂದೆ.

ಮೊದಲ ಆಟ ಅಂಜಿಕೆಯ ಚಿತ್ರ ಬರೆಯುವುದು. ಒಬ್ಬರದು ಒಬ್ಬರು ನೋಡದೆ ಬರೆದು, ಆಮೇಲೆ ತೋರಿಸಬೇಕು. ಅಕ್ಷರ ಬಿಟ್ಟು ಬೇರೇನೂ ಗೀಚದವಳು ನಾನು, ಚಿತ್ರ ಏನು ಬರೆಯಲಿ? ಪೆನ್ಸಿಲು ಹಿಡಿದು ಸುಮ್ಮನೆ ಕೈ ಬಿಟ್ಟೆ. ಕೈ ತಾನೇ ಒಂದು ಚೌಕ ಬರೆದು ಅದನ್ನು ಕಪ್ಪಗೆ ತಿಕ್ಕಿತು, ಮೇಲೆ ಒಂದು ಎಳೆ ಬಿಳಿ ಬಿಟ್ಟಿತು. ಹುಡುಗಿ ತನ್ನ ಹಾಳೆ ತಿರುಗಿಸಿದಳು. ಅವಳದೂ ಕಪ್ಪು ಚೌಕ. ಮೇಲೆ ಅದೇ ಬಿಳಿ ಎಳೆ.

"ತುಲಾ ಪಣ್?" ಅಂದಳು. ನಿನಗೂ ಹಾಗೆಯೇ ಅಂತ ಕೇಳಿದ್ದು.

"ಹೂಂ ಯವ್ವಾ. ನಂಗೂ" ಅಂದೆ.

ಆವತ್ತು ಯಾಕೆ ಮಾತಾಡಲಿಲ್ಲ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ನನ್ನ ಹಾಳೆ ತೆಗೆದುಕೊಂಡು ಆ ಬಿಳಿ ಎಳೆಗೆ ಹಳದಿ ಬಣ್ಣ ತುಂಬಿ ಕೊಟ್ಟಳು. ಅವತ್ತಿನಿಂದ ದಿನಾ ಏನಾದರೊಂದು ಆಟ. ಕಣ್ಣು ಮುಚ್ಚಿ ಮನೆಯ ಡಬ್ಬಿಗಳನ್ನು ಮೂಸಿ ಯಾವ ಮಸಾಲೆ ಹೇಳುವುದು, ಹಳೇ ಪೇಪರು ಹರಿದು ಅಂಟಿಸಿ ಮುಖ ಮಾಡುವುದು, ಎದುರಿನ ಟವರಿನವರಿಗೆ ನಾವೇ ಹೆಸರಿಟ್ಟು ಅವರ ಜಗಳ ನಾವೇ ಆಡುವುದು. ಹುಡುಗಿ ನಗತೊಡಗಿದಳು. ಆದರೆ ಹೊಸ್ತಿಲು ಅಲ್ಲೇ ಇತ್ತು. ಹೊಸ ವರ್ಷದ ಶಾಲೆ ಶುರುವಾಯಿತು, ಗಣಪತಿ ಹಬ್ಬದ ತನಕ ಕಾಯುತ್ತೇವೆ, ಆಮೇಲೆ ಹೆಸರು ತೆಗೆಯಬೇಕಾಗುತ್ತದೆ ಎಂದು ಟೀಚರು ಸೊಸೆಗೆ ಹೇಳಿ ಕಳಿಸಿದರು. ಸೊಸೆ ಅದನ್ನು ನನ್ನ ಕಿವಿಯಲ್ಲಷ್ಟೇ ಹೇಳಿದಳು.

ಆಷಾಢ ಬಂತು. ನಮ್ಮ ಕಡೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವ ಮಾಡುತ್ತಾರೆ. ಅಂಗೈ ಅಗಲದ ಮಣ್ಣಿನ ಮೂರ್ತಿ, ಅದಕ್ಕೆ ಗುಲಗಂಜಿಯ ಕಣ್ಣು, ಜೋಳದ ಕಾಳಿನ ಸರ. ಮಂಗಳವಾರ ಪೂಜೆ, ಹಾಡು, ಮರುದಿನ ಓಣಿಯ ಹುಡುಗಿಯರೆಲ್ಲ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ ನೀರಿಗೆ ಬಿಟ್ಟು ಬರುವುದು. ಯಾರು ಮಾಡಿದರೋ ಅವರೇ ಬಿಡಬೇಕು, ಬೇರೆಯವರ ಕೈಗೆ ಕೊಡುವಂತಿಲ್ಲ. ಮೇಡಂ ಮಣ್ಣು ಎಂದಿದ್ದು ನೆನಪಾಗಿ ಸೊಸೆಗೆ ಹೇಳಿದೆ. ಅವಳು ಗಣಪತಿ ಮಾಡುವವರ ಶೆಡ್ಡಿನಿಂದ ಶಾಡೂ ಮಣ್ಣು ತಂದಳು, ಬೂದಿಯ ಬಣ್ಣದ್ದು, ಬೆಣ್ಣೆಯಂಥದ್ದು. ಗುಲಗಂಜಿ ಎಲ್ಲಿಂದ ತರುವುದು? ಹುಡುಗಿ ತನ್ನ ಹಣೆಯ ಟಿಕಲಿಯನ್ನೇ ಕಣ್ಣು ಮಾಡಿದಳು, ಒಡೆದ ಬಳೆಯ ಚೂರು ಸರವಾಯಿತು. ಗುಳ್ಳವ್ವನಿಗೆ ಸ್ವಲ್ಪ ಮೆಳ್ಳಗಣ್ಣು ಬಂತು. ನಾನು ಮಾಡಿದ್ದು ಕಪ್ಪೆಯ ಹಾಗಿದೆ ಎಂದು ಹುಡುಗಿ ಅದನ್ನು ಕಲಸಿ ತನ್ನ ಗುಳ್ಳವ್ವನಿಗೇ ಮೆತ್ತಿಕೊಂಡಳು.

ಬುಧವಾರ ನನ್ನ ಬುದ್ಧಿ ಕೆಟ್ಟಿತು. ಹುಡುಗಿ ಹೊರಗೆ ಬರುವುದಿಲ್ಲ, ಬಾಲ್ದಿಯ ನೀರೂ ನೀರೇ ಅಲ್ಲವೇ ಎಂದುಕೊಂಡು, ಬಚ್ಚಲಲ್ಲಿ ಬಾಲ್ದಿ ತುಂಬಿಸಿ ಅವಳ ಕೈಯಿಂದಲೇ ಬಿಡಿಸಿದೆ. ಕರಗಿದ ನೀರನ್ನು ಬಚ್ಚಲಿಗೇ ಸುರಿದೆ. ಅಷ್ಟೊಂದು ಶಾಡೂ ಪೈಪಿನೊಳಗೆ ಹೋಗಿ ಕೂತಿತು. ಮರುದಿನ ಕೆಳಗಿನ ಮನೆಯವರು ಬಂದು ಬೆಲ್ಲು ಒತ್ತಿದರು. ಉಡುಪಿ ಕಡೆಯ ಹೆಂಗಸು, ಗಂಡ ಹೋಟೆಲಿನಲ್ಲಿ ಮ್ಯಾನೇಜರು, ಬಾಡಿಗೆಗೆ ಇದ್ದಾರೆ.

"ಎಂತ ಅಮ್ಮ ಇದು? ನಮ್ಮ ಬಚ್ಚಲಿಗೆ ಮೇಲಿಂದ ಕೆಸರು ಇಳೀತಾ ಉಂಟು. ಒಳಗೆ ಗೋಡೆ ಕಟ್ತಾ ಇದ್ದೀರಾ?"

ನಾನು ಗುಳ್ಳವ್ವನ ವಿಷಯ ಹೇಳಿದೆ. ಅವರಿಗೆ ನಗು ಬಂತು, ಸಿಟ್ಟೂ ಹೋಗಿರಲಿಲ್ಲ.

"ದೇವರನ್ನ ಬಾಲ್ದಿಯಲ್ಲಿ ಮುಳುಗಿಸಿದ್ದಾ? ಹನ್ನೊಂದು ಮಾಳಿಗೆಯ ಪೈಪಲ್ಲಿ ಅವಳು ಹೇಗೆ ಹೋಗ್ಬೇಕು? ಅವಳಿಗೆ ಉಸಿರು ಕಟ್ಟುದಿಲ್ವಾ?"

ಹುಡುಗಿ ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪ್ಲಂಬರು ಬಂದು ಜಾಲರಿ ತೆಗೆದು ಒಂದು ಬೋಗುಣಿ ಮಣ್ಣು ಬಗೆದು ಹಾಕಿದ. ಅವನು ಹೋದ ಮೇಲೆ ಹುಡುಗಿ ಆ ಮಣ್ಣನ್ನೇ ತೊಳೆದು ತೆಗೆದಿಟ್ಟಳು, ಮುಂದಿನ ವಾರದ ಗುಳ್ಳವ್ವನಿಗೆ ಸೇರಿಸಿದಳು. ಎರಡನೆಯ ಬುಧವಾರ ಮಗ, ಕಾರ್ಖಾನೆಗೆ ಹೋಗುವಾಗ ಕೆರೆಗೆ ಬಿಟ್ಟು ಹೋಗುತ್ತೇನೆ ಅಂದ. ಹುಡುಗಿ ಕೊಡಲಿಲ್ಲ. ಪಪ್ಪಾ ಗಟಾರಕ್ಕೆ ಒಗೆದು ಹೋಗುತ್ತಾರೆ ಅಂದಳು. ಹಾಗಾಗಿ ಗುಳ್ಳವ್ವ ಕಿಟಕಿಯ ಕಟ್ಟೆಯ ಮೇಲೆ ಉಳಿದಳು. ಮೂರನೆಯ ವಾರ ಇಬ್ಬರಾದರು. ನಿನ್ನೆ ಕಡೆಯ ಮಂಗಳವಾರ, ಮೂವರಾದರು. ಮೂವರೂ ಗ್ರಿಲ್ಲಿನ ಕಡೆ ಮುಖ ಮಾಡಿ ಸಾಲಾಗಿ ಕೂತಿದ್ದರು. ಮೊದಲನೆಯವಳ ಹೊಟ್ಟೆ ಒಣಗಿ ಬಿರಿದಿತ್ತು.

ಇವತ್ತು ಬೆಳಿಗ್ಗೆ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹುಡುಗಿ ಆ ಬಿರುಕಿನ ಮೇಲೆ ನೀರು ಸವರುತ್ತಿದ್ದಳು. ಸವರಿದಷ್ಟೂ ಬಿರಿಯುತ್ತಿತ್ತು.

"ತಿಲಾ ಗುದ್ಮರ್ತಂಯ ಆಜಿ" ಅಂದಳು. ಅವಳಿಗೆ ಉಸಿರು ಕಟ್ಟುತ್ತಿದೆ ಅಂತ.

ಬಾ ಎನ್ನಬಾರದು ಎಂದು ಮೇಡಂ ಹೇಳಿದ್ದರಲ್ಲ, ನಾಲಿಗೆ ಕಚ್ಚಿ ಹಿಡಿದೆ. ಹುಡುಗಿ ಎದ್ದು ಹಿಟ್ಟು ನಾದುವ ಪರಾತ ತಂದಳು, ಮೂವರನ್ನೂ ಅದರಲ್ಲಿ ಕೂರಿಸಿದಳು, ಬಾಗಿಲ ಹತ್ತಿರ ಹೋಗಿ ತನ್ನ ಚಪ್ಪಲಿಯಲ್ಲಿ ಕಾಲಿಟ್ಟಳು. ಕಾಲು ಹೋಗಲಿಲ್ಲ, ಹಿಮ್ಮಡಿ ಎರಡು ಬೆರಳು ಹೊರಗೇ ಉಳಿಯಿತು. ಎಂಟು ತಿಂಗಳಲ್ಲಿ ಕೂಸಿನ ಪಾದ ಬೆಳೆದಿತ್ತು, ಮನೆಯೊಳಗೆ ಬರಿಗಾಲಲ್ಲಿದ್ದವಳದು ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಅವಳಮ್ಮನ ಹಳೇ ಚಪ್ಪಲಿ ಕೊಟ್ಟೆ.

ಹೊಸ್ತಿಲ ಮೇಲೆ ನಿಂತು ನನ್ನ ಕಡೆ ತಿರುಗಿದಳು. ನೀನೂ ಬಾ ಅಂದಳು. ಮಂಡಿ ಅಂದೆ. ನೀನು ಲಿಫ್ಟಿನಲ್ಲಿ ಬಾ, ನಾನು ಮೆಟ್ಟಿಲಲ್ಲಿ ಬರುತ್ತೇನೆ ಅಂದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವಳಿಗೆ ಕಾಣಿಸಿರಬೇಕು. ಅಲ್ಲೇ ನಿಂತು ಒಂದು ಆಟ ಕಟ್ಟಿದಳು. ಲಿಫ್ಟು ಒಂದೇ ಮಹಡಿ ಇಳಿಯಬೇಕು. ಅದು ಕೆಳಗೆ ಬಂದು ಬಾಗಿಲು ತೆರೆಯುವುದರೊಳಗೆ ಅವಳು ಓಡಿ ಅಲ್ಲಿ ನಿಂತಿರಬೇಕು. ನಿಂತಿದ್ದರೆ ಅವಳಿಗೆ ಗೆಲುವು, ಇಲ್ಲದಿದ್ದರೆ ನನಗೆ. ಹೀಗೆ ಒಂದೊಂದೇ ಮಹಡಿ.

"ಬಾಗಿಲಾ ತಗೀಲಿಲ್ಲಂದ್ರ?" ಅಂದೆ.

"ತಗೀಲಿಲ್ಲಂದ್ರ ನಾ ಇರ್ತೀನಲ್ಲ ಹೊರಗ" ಅಂದಳು. ಯಾವಾಗಲೂ ಮರಾಠಿ ಆಡುವವಳು, ಇದನ್ನು ನನ್ನ ಮಾತಿನಲ್ಲೇ ಹೇಳಿದಳು.

ಲಿಫ್ಟಿನೊಳಗೆ ಹೋಗಿ ಹತ್ತನ್ನು ಒತ್ತಿದೆ. ಬಾಗಿಲು ಮುಚ್ಚಿತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಎದುರಿಗೆ ಅವಳ ಮುಖ, ಏದುಸಿರು, ಪರಾತದಲ್ಲಿ ಮೂರು ಮೆಳ್ಳಗಣ್ಣಿನ ಗುಳ್ಳವ್ವರು. ಉಡುಪಿಯ ಹೆಂಗಸು ಕಸ ಹೊರಗಿಡಲು ಬಂದವರು ನಮ್ಮಿಬ್ಬರನ್ನೂ ನೋಡಿ ಹಾಗೇ ನಿಂತರು. ಕಸದ ಡಬ್ಬಿ ಅಲ್ಲೇ ಇಟ್ಟು ಒಳಗೆ ಹೋಗಿ ನೀರು ತಂದುಕೊಟ್ಟರು. ಒಂಬತ್ತರಲ್ಲಿ ಅವಳೇ ಗೆದ್ದಳು. ಎಂಟರಲ್ಲಿ ಚಪ್ಪಲಿ ಜಾರಿ ತಡವಾಯಿತು, ನಾನು ಗೆದ್ದೆ. ಏಳರಲ್ಲಿ ಮೋಸ ಮಾಡಿದಳು, ನಾನು ಹೊರಗಿರುವಾಗಲೇ ಅರ್ಧ ಮೆಟ್ಟಿಲು ಇಳಿದು ನಿಂತಿದ್ದಳು.

ಆರಕ್ಕೆ ಬಂದೆವು. ಇದರ ಕೆಳಗೇ ಆವತ್ತು ನಾವು ಸಿಕ್ಕಿಕೊಂಡದ್ದು. ಇಬ್ಬರಿಗೂ ಗೊತ್ತಿತ್ತು. ಹುಡುಗಿ, ಪರಾತದ ಅಂಚು ಬಡಿಯುತ್ತಾ ಇಳಿಯುತ್ತೇನೆ, ನಿನಗೆ ಕೇಳಿಸುತ್ತಿರುತ್ತದೆ ಅಂದಳು. ಬಾಗಿಲು ಮುಚ್ಚಿತು. ಲಿಫ್ಟು ಜರುಗಿತು. ಗೋಡೆಯ ಆಚೆ ಟಣ್, ಟಣ್, ಟಣ್ ಎಂದು ಕೇಳಿಸಿತು. ಸದ್ದು ನನ್ನ ಜೊತೆ ಜೊತೆಗೇ ಇಳಿಯಿತು. ನನ್ನ ಬಾಯಿ ತೆರೆಯಿತು. "ಬಂದೆ ಯವ್ವಾ, ಬಂದೆ, ಇಲ್ಲೇ ಅದೀನಿ, ಬಂದೆ" ಎಂದು ಕೂಗುತ್ತಲೇ ಇದ್ದೆ. ಬಾಗಿಲು ತೆರೆದ ಮೇಲೂ ಕೂಗುತ್ತಿದ್ದೆನಂತೆ. ಹುಡುಗಿ ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದಿಷ್ಟು ಹೊತ್ತು ಅತ್ತೆವು, ಆಮೇಲೆ ಮುಂದೆ ಇಳಿದೆವು.

ಹೊರಗೆ ಜಿನುಗು ಮಳೆ. ಅವಳು ಗೇಟಿನಲ್ಲಿ ನಿಂತಳು. ಬಸ್ಸು, ರಿಕ್ಷಾ, ಟೆಂಪೋ, ಎಲ್ಲ ಒಮ್ಮೆಲೇ ಕಿವಿಗೆ ಬಿದ್ದು ನನಗೇ ತಲೆ ಸುತ್ತಿತು, ಅವಳಿಗೆ ಹೇಗಿರಬೇಡ. ನಾನು ಕೈ ಹಿಡಿಯಲಿಲ್ಲ, ಅವಳೇ ಹಿಡಿದುಕೊಂಡಳು. ಕೆರೆಯ ಗೇಟಿನಲ್ಲಿ ಕಾವಲಿನವನು ಮೂರ್ತಿ ಬಿಡುವಂತಿಲ್ಲ ಎಂದು ತಡೆದ. ಹುಡುಗಿ ಅವನಿಗೆ ಮರಾಠಿಯಲ್ಲಿ ಇದು ಬರೀ ಮಣ್ಣು, ಬಣ್ಣ ಇಲ್ಲ ಎಂದು ವಿವರಿಸಿದಳು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಹೊರಗಿನವನ ಜೊತೆ ಎದುರೆದುರು ಮಾತು. ಅವನು ಪರಾತ ಇಣುಕಿ ನೋಡಿ, ಬೇಗ ಮುಗಿಸಿ ಅಂದ. ಮೀನು ನುಂಗೀತು ಎಂದು ಅವಳು ಟಿಕಲಿ, ಬಳೆ ಚೂರು ಎಲ್ಲ ಕಿತ್ತು ನನ್ನ ಸೆರಗಿಗೆ ಕಟ್ಟಿದಳು. ಆಮೇಲೆ ಒಬ್ಬೊಬ್ಬರನ್ನೇ ನೀರಿಗೆ ಬಿಟ್ಟಳು. ಬಿರಿದವಳು ಎಲ್ಲರಿಗಿಂತ ಮೊದಲು ಕರಗಿದಳು. ಬೂದು ಬಣ್ಣ ಹೊಗೆಯ ಹಾಗೆ ನೀರಿನಲ್ಲಿ ಹರಡುವುದನ್ನು ಕುಕ್ಕರಗಾಲಲ್ಲಿ ಕೂತು ನೋಡಿದಳು, ಸಾಕು ನಡಿ ಎನ್ನಲು ನನಗೆ ಮನಸ್ಸಾಗಲಿಲ್ಲ.

ಬರುವಾಗ ನಾನು ಲಿಫ್ಟಿನಲ್ಲಿ, ಅವಳು ಮೆಟ್ಟಿಲಲ್ಲಿ. ಏಳರಲ್ಲಿ ಸುಸ್ತಾಗಿ ನನ್ನೆದುರು ನಿಂತಳು. ಲಿಫ್ಟಿನೊಳಗೆ ಒಂದು ಕಾಲಿಟ್ಟಳು. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಕಾಲು ಹಿಂದಕ್ಕೆ ತೆಗೆದಳು. "ಪುಢಚ್ಯಾ ವೇಳಿ" ಅಂದಳು. ಮುಂದಿನ ಸಲ. ಹಾಗೇ ಆಗಲಿ ಅಂದೆ. ಶಾಲೆಗೆ ಯಾವಾಗ ಹೋಗುತ್ತಾಳೋ ನನಗೆ ಗೊತ್ತಿಲ್ಲ. ನಾಳೆ ಮತ್ತೆ ಹೊಸ್ತಿಲಲ್ಲಿ ನಿಂತರೂ ನಿಂತಾಳು. ಇವತ್ತಿನದನ್ನು ಯಾರೂ ಕಿತ್ತುಕೊಳ್ಳಲಾರರು.

ಸಂಜೆ ಮಗ ಬಂದಾಗ ಬಾಗಿಲಲ್ಲೇ ಹೇಳಿದೆ. ಅವನು ನಂಬದೆ ಒಳಗೆ ಹೋಗಿ ಕಿಟಕಿಯ ಕಟ್ಟೆ ನೋಡಿದ, ಖಾಲಿಯಿತ್ತು. ಮಗಳ ಮುಂದೆ ನೆಲದ ಮೇಲೆ ಕೂತು ಅವಳ ಪಾದವನ್ನು ತನ್ನ ಗೇಣಿನಿಂದ ಅಳೆದುಕೊಂಡ. ಸೊಸೆ ಕೆಲಸದ ಮನೆಯಿಂದಲೇ ಫೋನಿನಲ್ಲಿ ಕೇಳಿ ಅಲ್ಲೇ ಅತ್ತಳಂತೆ, ಬರುವಾಗ ಪುಂಡಿಸೊಪ್ಪು ತಂದಿದ್ದಳು, ಬೇಯಲಿಕ್ಕಿಟ್ಟು ರೊಟ್ಟಿ ಬಡಿಯಲು ಕೂತಳು.

ಹುಡುಗಿ ಊಟಕ್ಕೆ ಹೊರಕೋಣೆಗೆ ಬಂದಳು. ಅಪ್ಪನ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತಳು. ಹನ್ನೊಂದು ಮಹಡಿ ಹತ್ತಿದ ಹಸಿವು, ಮೂರು ರೊಟ್ಟಿ ಹೋದದ್ದೇ ಗೊತ್ತಾಗಲಿಲ್ಲ. ಎಂಟರಲ್ಲಿ ನಾನು ಗೆದ್ದದ್ದು ಲೆಕ್ಕಕ್ಕಿಲ್ಲ, ಚಪ್ಪಲಿ ಅಮ್ಮನದು ಎಂದು ವಾದ ಹಾಕಿದಳು. ಮಗ ಅವಳ ತಾಟಿಗೆ ಪಲ್ಯ ನೀಡುತ್ತಾ, ಆಜಿಗೆ ಒಂದು ಗೆಲುವು ಬಿಟ್ಟುಕೊಟ್ಟರೆ ನಿನ್ನ ಗಂಟು ಏನು ಹೋಯಿತು ಅಂದ. ಸೊಸೆ ಕಡೆಯ ರೊಟ್ಟಿ ತವೆಯಿಂದ ಎತ್ತಿದಳು.

"ನೀನೂ ಬಾ, ಕೂಡ್ರು" ಎಂದು ಕರೆದೆ.

ಅವಳು ಗ್ಯಾಸು ಆರಿಸಿ, ಆ ರೊಟ್ಟಿಯನ್ನು ಕೈಯಲ್ಲೇ ನಾಲ್ಕು ಮಾಡಿ ಎಲ್ಲರ ತಾಟಿಗೂ ಒಂದೊಂದು ಹಾಕಿ, ಬಂದು ನಮ್ಮ ಜೊತೆ ಕೂತಳು.